ಒಂದು ಅಲ್ಪವಿರಾಮದ ಬೆಲೆ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಮಿಡ್ಲ್ ಸ್ಕೂಲಿನವರೆಗೆ ಓದಿ, ಹೋಟೆಲಿನಲ್ಲಿ ತಟ್ಟೆ ಲೋಟ ತೊಳೆದವನಿಗೆ ಇಂಗ್ಲಿಷ್ ವ್ಯಾಕರಣದ ಗೊಡವೆ ಏಕೆ ಎಂದು ನೀವು ಕೇಳಬಹುದು. ನನ್ನ ಉತ್ತರ ಇಷ್ಟೆ. ನಮ್ಮ ಮುಂದೆ ಸಹಿಗೆ ಬರುವ ಕಾಗದ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ. ಅದರಲ್ಲಿ ಅಲ್ಪವಿರಾಮ, ಅಂದರೆ ನಾವು ಕಾಮಾ ಎನ್ನುವ ಆ ಸಣ್ಣ ಕೊಕ್ಕೆ, ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು.

ಇದು ಪಂಡಿತರ ಹರಟೆಯಲ್ಲ. ಅಮೆರಿಕದ ಮೇನ್ ರಾಜ್ಯದ ಓಕ್‌ಹರ್ಸ್ಟ್ ಎಂಬ ಹಾಲಿನ ಕಂಪೆನಿಯ ಲಾರಿ ಚಾಲಕರು 2014ರಲ್ಲಿ ಓವರ್‌ಟೈಮ್ ಕೂಲಿಗಾಗಿ ದಾವೆ ಹೂಡಿದರು. ವಾರಕ್ಕೆ 40 ಗಂಟೆ ಮೀರಿ ದುಡಿದರೆ ಒಂದೂವರೆ ಪಟ್ಟು ಕೂಲಿ ಎಂದು ಅಲ್ಲಿನ ಕಾನೂನು. ಆದರೆ ಬೇಗ ಕೆಡುವ ಆಹಾರದ ಕೆಲವು ಕೆಲಸಗಳಿಗೆ ಆ ಹಕ್ಕಿಲ್ಲ. ಡಬ್ಬಿಗೆ ತುಂಬುವುದು, ಒಣಗಿಸುವುದು, ದಾಸ್ತಾನು ಮಾಡುವುದು ಎಂದು ಸಾಗಿದ ಆ ಪಟ್ಟಿಯ ಕೊನೆಗೆ ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’ ಎಂದಿತ್ತು. ‘ಶಿಪ್‌ಮೆಂಟ್’ ಆದ ಮೇಲೆ ಕಾಮಾ ಇರಲಿಲ್ಲ.

ಕಂಪೆನಿ ಹೇಳಿತು: ಕಟ್ಟುವುದು ಒಂದು ಕೆಲಸ, ವಿತರಣೆ ಇನ್ನೊಂದು, ನೀವು ವಿತರಿಸುವವರು, ನಿಮಗೆ ಓವರ್‌ಟೈಮ್ ಇಲ್ಲ. ಚಾಲಕರು ಹೇಳಿದರು: ಅಲ್ಲಿರುವುದು ಕಟ್ಟುವ ಕೆಲಸ ಒಂದೇ, ಅದು ರವಾನೆಗಾದರೂ ಸರಿ, ವಿತರಣೆಗಾದರೂ ಸರಿ, ನಾವು ಕಟ್ಟುವವರಲ್ಲ, ಲಾರಿ ಓಡಿಸುವವರು. ಇನ್ನೂ ಒಂದು ಮಾತು ಸೇರಿಸಿದರು. ಪಟ್ಟಿಯ ಕೆಲಸಗಳೆಲ್ಲ ‘ಇಂಗ್’ ಎಂದು ಮುಗಿಯುತ್ತವೆ, ‘ಡಿಸ್ಟ್ರಿಬ್ಯೂಷನ್’ ಹಾಗೆ ಮುಗಿಯುವುದಿಲ್ಲ. ಅದು ‘ಶಿಪ್‌ಮೆಂಟ್’ನ ಜೋಡಿ.

ಕೆಳಗಿನ ಕೋರ್ಟು ಕಂಪೆನಿಯ ಮಾತು ಒಪ್ಪಿತು. 2017ರ ಮಾರ್ಚಿಯಲ್ಲಿ ಮೇಲ್ಮನವಿ ಕೋರ್ಟು ಆ ತೀರ್ಪನ್ನು ತಿರುಗಿಸಿತು. ವಾಕ್ಯಕ್ಕೆ ಎರಡು ಅರ್ಥ ಬರುತ್ತದೆ. ಕಾನೂನು ಇರುವುದು ಕೆಲಸಗಾರನ ಹಿತಕ್ಕೆ. ಆದ್ದರಿಂದ ಸಂಶಯದ ಲಾಭ ಅವನಿಗೇ ಎಂದಿತು. 2018ರಲ್ಲಿ ಕಂಪೆನಿ 50 ಲಕ್ಷ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು.

ಚಪ್ಪಾಳೆ ತಟ್ಟುವ ಮುಂಚೆ ಮುಂದಿನದನ್ನೂ ಕೇಳಿ. ಅದೇ 2017ರಲ್ಲಿ ಶಾಸನಸಭೆ ಆ ಕಾನೂನನ್ನು ತಿದ್ದಿ ಬರೆಯಿತು. ಕೆಲಸ ಕೆಲಸದ ನಡುವೆ ಅರ್ಧವಿರಾಮ ಹಾಕಿತು, ‘ಡಿಸ್ಟ್ರಿಬ್ಯೂಷನ್’ ಹೋಗಿ ‘ಡಿಸ್ಟ್ರಿಬ್ಯೂಟಿಂಗ್’ ಆಯಿತು. ಈಗ ಅರ್ಥ ಸ್ಪಷ್ಟ: ವಿತರಣೆಯೂ ಹಕ್ಕಿಲ್ಲದ ಕೆಲಸಗಳಲ್ಲಿ ಒಂದು! ಬರೆದವನ ಮರೆವು ಕೆಲಸಗಾರನನ್ನು ಒಮ್ಮೆ ಉಳಿಸೀತು. ಅದನ್ನೇ ನೆಚ್ಚಿ ಕೂತರೆ ಆಗದು. ಬರೆಯುವಾಗಲೇ ನಮ್ಮವರು ಅಲ್ಲಿರಬೇಕು.

ಕನ್ನಡದಲ್ಲಿ ಈ ತೊಡಕು ಕಡಿಮೆ. ‘ರವಾನೆಗೋ ವಿತರಣೆಗೋ ಕಟ್ಟುವುದು’ ಎಂದರೆ ಒಂದು ಕೆಲಸ. ‘ರವಾನೆಗೆ ಕಟ್ಟುವುದೂ ವಿತರಿಸುವುದೂ’ ಎಂದರೆ ಎರಡು. ನಮ್ಮ ‘ಓ’, ‘ಊ’ಗಳು ಒಂದೊಂದು ಪದಕ್ಕೂ ಅಂಟಿಕೊಂಡು ಕಿವಿಗೇ ಅರ್ಥ ಹೇಳುತ್ತವೆ. ಇಂಗ್ಲಿಷಿನಲ್ಲಿ ‘ಆರ್’, ‘ಆಂಡ್’ ಸಾಮಾನ್ಯವಾಗಿ ಪಟ್ಟಿಯ ಕೊನೆಗೆ ಒಮ್ಮೆ ಮಾತ್ರ ಬರುತ್ತವೆ; ಉಳಿದ ಭಾರವೆಲ್ಲ ಕಾಮಾದ ಮೇಲೆ.

ಇನ್ನೊಂದು ನೋಡಿ. ‘ವರ್ಕರ್ಸ್ ಹೂ ಹ್ಯಾವ್ ಕಂಪ್ಲೀಟೆಡ್ ಒನ್ ಇಯರ್’ ಬೋನಸ್ ಪಡೆಯುವರು ಎಂದು ಕಾಮಾ ಇಲ್ಲದೆ ಬರೆದರೆ, ವರ್ಷ ತುಂಬಿದವರಿಗೆ ಮಾತ್ರ ಬೋನಸ್. ‘ಹೂ’ಗೆ ಮುಂಚೆ ಒಂದು, ‘ಇಯರ್’ ಆದ ಮೇಲೆ ಒಂದು ಕಾಮಾ ಹಾಕಿದರೆ, ಕೆಲಸಗಾರರೆಲ್ಲರಿಗೂ ಬೋನಸ್. ಎಲ್ಲರಿಗೂ ವರ್ಷ ತುಂಬಿದೆ ಎಂದು ಅರ್ಥ.

ಆದ್ದರಿಂದ ಬಂಧುಗಳೆ, ಯಾವ ಕಾಗದಕ್ಕೂ ಅವಸರದಿಂದ ಸಹಿ ಹಾಕಬೇಡಿ. ಬಲ್ಲವರಿಂದ ಓದಿಸಿ. ಪಟ್ಟಿಯನ್ನು ಬೆರಳು ಮಡಿಸಿ ಎಣಿಸಿ. ವಾಕ್ಯಕ್ಕೆ ಎರಡು ಅರ್ಥ ಬಂದರೆ, ಒಂದೊಂದು ಮಾತಿಗೂ ಅಂಕೆ ಹಾಕಿ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಡಿ ಎಂದು ಕೇಳಿ. ಹಾಗೆ ಕೇಳಲು ಇಂಗ್ಲಿಷ್ ಬರಬೇಕಿಲ್ಲ, ಎದೆಗಾರಿಕೆ ಇದ್ದರೆ ಸಾಕು. ಒಬ್ಬನಿಗೆ ಅದು ಸಾಲದಿದ್ದರೆ ಸಂಘ ಇದೆ.