ದುಡಿಮೆಗೋ, ಖರ್ಚಿಗೋ? ವೆಚ್ಚ ತೆರಿಗೆಯ ಮರುವಿಚಾರ



ಆದಾಯ ತೆರಿಗೆಯನ್ನು ತೆಗೆದು ಅದರ ಜಾಗದಲ್ಲಿ ಖರ್ಚಿನ ಮೇಲೆ ತೆರಿಗೆ ಹಾಕಬೇಕೆಂಬ ಮಾತೆತ್ತಿದರೆ ಎರಡು ಉತ್ತರ ಬರುತ್ತವೆ. ಜಿಎಸ್‌ಟಿ ಇದೆಯಲ್ಲ ಎಂಬುದು ಒಂದು. ನಮ್ಮ ದೇಶ ಅದನ್ನು ಮಾಡಿನೋಡಿ ಕೈಬಿಟ್ಟಾಗಿದೆ ಎಂಬುದು ಇನ್ನೊಂದು.

ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ಅಂಗಡಿಯಲ್ಲಿ ಕಟ್ಟುವ ತೆರಿಗೆಗೆ ಕೊಳ್ಳುವವರು ಯಾರೆಂಬುದು ಬೇಕಿಲ್ಲ. ಒಂದು ಸೋಪಿಗೆ ಕೂಲಿಯವಳು ಕೊಡುವಷ್ಟೇ ತೆರಿಗೆಯನ್ನು ಗಿರಣಿ ಮಾಲೀಕನೂ ಕೊಡುತ್ತಾನೆ. ಅಮೆರಿಕದ ಸಂಸತ್ತಿನಲ್ಲಿ 1999ರಿಂದ ಮತ್ತೆ ಮತ್ತೆ ಮಂಡನೆಯಾಗುತ್ತಿರುವ ಫೇರ್ ಟ್ಯಾಕ್ಸ್ ಮಸೂದೆಯೂ ಇದೇ ಜಾತಿಯದು. ಆದಾಯ ತೆರಿಗೆ ರದ್ದು ಮಾಡಿ ಮಾರಾಟದ ಮೇಲೆ ಒಂದೇ ದರ ಹೇರುವುದು ಅದರ ಹೂರಣ. ಪ್ರತಿ ಕುಟುಂಬಕ್ಕೂ ತಿಂಗಳ ಮುಂಗಡ ಕೊಟ್ಟು ಬಡವರ ಹೊರೆಯನ್ನು ಸರಿದೂಗಿಸುತ್ತೇವೆ ಎನ್ನುತ್ತಾರೆ. ಆದರೂ ಮೇಲುತುದಿಯ ಶ್ರೀಮಂತನ ಹೊರೆ ಇಳಿಯುವುದಂತೂ ನಿಜ. ನಾನು ಹೇಳಹೊರಟಿರುವುದು ಬೇರೆ: ವ್ಯಕ್ತಿಯ ಇಡೀ ವರ್ಷದ ಖರ್ಚನ್ನು ಲೆಕ್ಕ ಹಾಕಿ, ಖರ್ಚು ಏರಿದಂತೆ ದರವೂ ಏರುವ ತೆರಿಗೆ.

ಇನ್ನು ಎರಡನೆಯ ಉತ್ತರ. ಈ ವೆಚ್ಚ ತೆರಿಗೆಯನ್ನು ನಮಗೆ ಸೂಚಿಸಿದವರು ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡೊರ್. 1955ರಲ್ಲಿ ವೆಚ್ಚ ತೆರಿಗೆಯ ಮೇಲೆಯೇ ಪುಸ್ತಕ ಬರೆದಿದ್ದ ಅವರು ಮರುವರ್ಷ ಭಾರತಕ್ಕೆ ಬಂದು ತೆರಿಗೆ ಸುಧಾರಣೆಯ ವರದಿ ಕೊಟ್ಟರು. ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇ. 45ಕ್ಕೆ ಇಳಿಸಿ, ಅದರ ಜತೆಗೆ ಸಂಪತ್ತು, ಬಂಡವಾಳದ ಲಾಭ, ದಾನ, ವೈಯಕ್ತಿಕ ವೆಚ್ಚ ಇವುಗಳ ಮೇಲೂ ತೆರಿಗೆ ಹಾಕಿ, ಎಲ್ಲಕ್ಕೂ ಒಂದೇ ರಿಟರ್ನ್ ಇರಲಿ ಎಂದರು. ಒಬ್ಬ ಮಾರಿದ್ದು ಇನ್ನೊಬ್ಬ ಕೊಂಡದ್ದಾಗಿ ಎಲ್ಲೋ ಕಾಣಿಸಲೇಬೇಕು, ಒಂದು ಕಡೆ ಮುಚ್ಚಿಟ್ಟದ್ದು ಇನ್ನೊಂದು ಕಡೆ ಹೊರಬೀಳುತ್ತದೆ ಎಂಬುದು ಅವರ ವಾದ.

1957ರ ಮೇ ತಿಂಗಳ ಬಜೆಟ್ಟಿನಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ವೆಚ್ಚ ತೆರಿಗೆಯನ್ನು ಘೋಷಿಸಿದರು. 1958ರ ಏಪ್ರಿಲ್‌ನಿಂದ ಜಾರಿಗೆ ಬಂತು. ಆದರೆ ಆದಾಯ ತೆರಿಗೆಯ ಮೇಲುದರ ಇಳಿದದ್ದು ದುಡಿಮೆಯ ವರಮಾನಕ್ಕೆ ಶೇ. 77ಕ್ಕೆ, ಬಡ್ಡಿ ಬಾಡಿಗೆಯಂಥದ್ದಕ್ಕೆ ಶೇ. 84ಕ್ಕೆ ಮಾತ್ರ. 45 ಎಲ್ಲಿ, 84 ಎಲ್ಲಿ! ಬದಲಿಯಾಗಿ ಬರಬೇಕಾದದ್ದು ಹೆಚ್ಚುವರಿಯಾಗಿ ಬಂದು ಕೂತಿತು. ಅದರ ಸ್ವಂತ ದರವೋ ಶೇ. 10ರಿಂದ ಶೇ. 100ರವರೆಗೆ. ಮದುವೆಗೆ, ಔಷಧೋಪಚಾರಕ್ಕೆ, ತಂದೆತಾಯಿಯ ಪೋಷಣೆಗೆ ಮಿತಿಯೊಳಗಿನ ವಿನಾಯಿತಿಗಳೂ ಇದ್ದವು.

ಇವೆಲ್ಲಕ್ಕಿಂತ ದೊಡ್ಡ ಲೋಪ ಇನ್ನೊಂದು ಕಲಮಿನಲ್ಲಿತ್ತು, ಅದು ನನ್ನನ್ನು ಈಗಲೂ ಕಾಡುತ್ತದೆ. ತೆರಿಗೆ ಕಳೆದ ಮೇಲೆ 36,000 ರೂಪಾಯಿಗಿಂತ ಹೆಚ್ಚು ಆದಾಯ ಇದ್ದವರಿಗೆ ಮಾತ್ರ ವೆಚ್ಚ ತೆರಿಗೆ! ಕಾಗದದ ಮೇಲೆ ಆದಾಯವೇ ಕಾಣದಂತೆ, ಆಸ್ತಿ ಕರಗಿಸಿ, ಸಾಲ ಎತ್ತಿ ವೈಭವದಿಂದ ಬದುಕುವವನನ್ನು ಹಿಡಿಯಲೆಂದೇ ಕಾಲ್ಡೊರ್ ಈ ತೆರಿಗೆ ಸೂಚಿಸಿದ್ದು. ಅವನೇ ಹೊರಗುಳಿದ. ಬೊಕ್ಕಸಕ್ಕೆ ಬಂದದ್ದು ಅತ್ಯಲ್ಪ. 1962ರಲ್ಲಿ ಆಗಿನ ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ಅದನ್ನು ರದ್ದು ಮಾಡಿದರು. 1964ರಲ್ಲಿ ಕೃಷ್ಣಮಾಚಾರಿ ಮತ್ತೆ ತಂದರು, 1966ರಲ್ಲಿ ಮತ್ತೆ ಹೋಯಿತು. ಆದಾಯ ತೆರಿಗೆಯ ಬದಲಿಯಾಗಿ ಖರ್ಚಿನ ತೆರಿಗೆಯನ್ನು ನಾವು ಒಂದು ದಿನವೂ ಪರೀಕ್ಷಿಸಿಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಖರ್ಚನ್ನು ಲೆಕ್ಕ ಇಡುವುದು ಹೇಗೆ, ತರಕಾರಿಯ ಚೀಟಿಯನ್ನೂ ಜೋಪಾನ ಮಾಡಬೇಕೇ ಎಂದು ಕೇಳುವವರಿದ್ದಾರೆ. ಬೇಕಿಲ್ಲ. ವರ್ಷದ ಮೊದಲಿಗೆ ಒಬ್ಬರ ಬ್ಯಾಂಕಿನಲ್ಲಿ 2 ಲಕ್ಷ ಇತ್ತೆನ್ನಿ. ಸಂಬಳ 14 ಲಕ್ಷ, ಪಡೆದ ಸಾಲ 3 ಲಕ್ಷ; ಒಟ್ಟು 19 ಲಕ್ಷ. ಪಿಎಫ್ ಮತ್ತು ಠೇವಣಿಗೆ ಹಾಕಿದ್ದು 4 ಲಕ್ಷ, ವರ್ಷದ ಕೊನೆಗೆ ಉಳಿದದ್ದು 1 ಲಕ್ಷ. ಕಳೆದರೆ 14 ಲಕ್ಷ, ಅದೇ ಖರ್ಚು. ಇನ್ನೊಬ್ಬನ ಸಂಬಳ ಸೊನ್ನೆ. ತಂದೆಯಿಂದ ಬಂದ ಷೇರುಗಳನ್ನು ಅಡವಿಟ್ಟು 60 ಲಕ್ಷ ಸಾಲ ತಂದು ಅಷ್ಟನ್ನೂ ಉಡಾಯಿಸಿದ. ಆದಾಯ ತೆರಿಗೆಯ ಪ್ರಕಾರ ಮೊದಲನೆಯವನು ಕಟ್ಟಬೇಕು, ಎರಡನೆಯವನ ಬಾಕಿ ಏನೂ ಇಲ್ಲ. ಇದು ನ್ಯಾಯವೆಂದು ಯಾವ ಬಾಯಿಂದ ಹೇಳೋಣ? ವೆಚ್ಚ ತೆರಿಗೆಯಲ್ಲಿ ಎರಡನೆಯವನೇ ಮೇಲಿನ ದರಕ್ಕೆ ಬರುತ್ತಾನೆ. 1957ರ ಅಧಿಕಾರಿಗೆ ಈ ಅಂಕಿಗಳನ್ನು ಕಲೆಹಾಕುವುದು ಹರಸಾಹಸವಾಗಿತ್ತು. ಇವತ್ತು ಪ್ಯಾನ್ ಸಂಖ್ಯೆಗೆ ಜೋಡಿಸಿದ ಠೇವಣಿ, ಷೇರು, ಮ್ಯೂಚುಯಲ್ ಫಂಡ್‌ಗಳ ಬಹುಪಾಲು ವಿವರ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲೇ ಸಿಗುತ್ತದೆ. ನಗದು, ಚಿನ್ನ, ಬೇನಾಮಿ ಭೂಮಿ ಇನ್ನೂ ತಪ್ಪಿಸಿಕೊಳ್ಳುತ್ತವೆ. ಆದಾಯ ತೆರಿಗೆಯಿಂದಲೂ ಅವು ತಪ್ಪಿಸಿಕೊಳ್ಳುತ್ತಲೇ ಇವೆ.

ಗಟ್ಟಿಯಾದ ಆಕ್ಷೇಪಣೆ ಒಂದಿದೆ, ಅದು ನಿವೃತ್ತರದು. ಮೂವತ್ತು ವರ್ಷ ಆದಾಯ ತೆರಿಗೆ ಕಟ್ಟಿ ಉಳಿಸಿದ ಹಣವನ್ನು ಮುಪ್ಪಿನಲ್ಲಿ ಖರ್ಚು ಮಾಡುವಾಗ ಮತ್ತೆ ತೆರಿಗೆ ಕೇಳಿದರೆ ಅದು ಎರಡು ಸಲ ಸುಲಿದಂತೆ. ಆದ್ದರಿಂದ ಪದ್ಧತಿ ಬದಲಾಗುವ ದಿನ ಪ್ರತಿಯೊಬ್ಬರ ಹಳೆಯ ಉಳಿತಾಯವನ್ನು ಪಟ್ಟಿ ಮಾಡಿ, ಒಂದು ಮಿತಿಯವರೆಗೆ ಅದರಿಂದ ಮಾಡುವ ಖರ್ಚಿಗೆ ತೆರಿಗೆ ಬಿಡಬೇಕು. ವರ್ಷಕ್ಕೆ 50 ಲಕ್ಷ ಮೀರಿ ಖರ್ಚು ಮಾಡುವವರಿಂದ ಮೊದಲು ಆರಂಭಿಸಬೇಕು, ಮತ್ತು ಅವರ ಆದಾಯ ತೆರಿಗೆಯನ್ನು ಅದೇ ದಿನ, ಅದೇ ಮಸೂದೆಯಲ್ಲಿ ರದ್ದು ಮಾಡಬೇಕು.