ಹೆಸರು ಬರೆಯದ ಲಕೋಟೆ



ಕಚೇರಿಯಲ್ಲಿ ನಡೆಯುವ ಅಕ್ರಮವನ್ನು ಅದೇ ಕಚೇರಿಯ ನೌಕರನೊಬ್ಬ ಮೇಲಿನವರಿಗೆ ತಿಳಿಸಿದರೆ ಅವನನ್ನು ಕಾಯುವವರು ಯಾರು? ನಮ್ಮ ದೇಶದ ಕಾನೂನು ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಬಂದ ದಾರಿ ಉದ್ದವಾದದ್ದು.

ಬ್ರಿಟಿಷರ ಕಾಲದಲ್ಲಿ ಸರ್ಕಾರಿ ನೌಕರಿ ಎಂದರೆ ದೊರೆಯ ಮರ್ಜಿ. ಬೇಡವಾದರೆ ಕಾರಣ ಹೇಳದೆ ಮನೆಗೆ ಕಳಿಸಬಹುದಿತ್ತು. 1919 ಮತ್ತು 1935ರ ಭಾರತ ಸರ್ಕಾರ ಕಾಯ್ದೆಗಳು ಈ ಮರ್ಜಿಗೆ ಒಂದಿಷ್ಟು ಕಡಿವಾಣ ಹಾಕಿದವು. ಸಂವಿಧಾನದ 311ನೇ ವಿಧಿ ಅದನ್ನು ಬಿಗಿ ಮಾಡಿತು. ನೇಮಿಸಿದವರಿಗಿಂತ ಕೆಳಗಿನ ಅಧಿಕಾರಿ ನೌಕರನನ್ನು ವಜಾ ಮಾಡುವಂತಿಲ್ಲ. ಆರೋಪ ತಿಳಿಸಬೇಕು, ವಿಚಾರಣೆ ನಡೆಸಬೇಕು, ಅವನ ಮಾತು ಕೇಳಬೇಕು. ಅಧಿಕಾರಿಗಳು ಮನಸ್ಸಿನಲ್ಲಿದ್ದುದನ್ನು ನಿರ್ಭಯವಾಗಿ ಹೇಳುವಂತಿರಬೇಕು ಎಂದು ಸರ್ದಾರ್ ಪಟೇಲರು 1949ರ ಅಕ್ಟೋಬರ್‌ನಲ್ಲಿ ಸಂವಿಧಾನ ಸಭೆಯ ಮುಂದೆ ವಾದಿಸಿದ್ದರು.

ಆದರೆ ಎತ್ತಂಗಡಿಗೆ ಈ ವಿಧಿ ಅಡ್ಡ ಬರುವುದಿಲ್ಲ. ಕಾನೂನಿನ ಕಣ್ಣಿಗೆ ವರ್ಗಾವಣೆ ಸೇವೆಯ ಒಂದು ಷರತ್ತು ಅಷ್ಟೆ. ಶಾಲೆಗೆ ಹೋಗುವ ಮಕ್ಕಳನ್ನು, ವಯಸ್ಸಾದ ತಂದೆತಾಯಿಯನ್ನು ಕಟ್ಟಿಕೊಂಡು ಊರೂರು ಅಲೆದವರಿಗೆ ಅದು ಎಂಥ ಶಿಕ್ಷೆ ಎಂಬುದು ಗೊತ್ತು. ಇತ್ತ 1923ರ ಅಧಿಕೃತ ರಹಸ್ಯಗಳ ಕಾಯ್ದೆಯೂ 1964ರ ಕೇಂದ್ರ ನಡತೆ ನಿಯಮಗಳೂ ಕಡತದ ಸಂಗತಿ ಹೊರಗೆ ಹೋಗದಂತೆ ನೌಕರನ ಬಾಯಿ ಕಟ್ಟಿದ್ದವು.

2001ರ ಡಿಸೆಂಬರ್‌ನಲ್ಲಿ ಕಾನೂನು ಆಯೋಗ ತನ್ನ 179ನೇ ವರದಿಯಲ್ಲಿ, ಇಂಥ ಮಾಹಿತಿದಾರರ ರಕ್ಷಣೆಗೆ ಮಸೂದೆಯ ಕರಡನ್ನೇ ಬರೆದುಕೊಟ್ಟಿತು. ಅದು ಹಾಗೇ ಬಿದ್ದಿತ್ತು.

ಮರುವರ್ಷ ಸತ್ಯೇಂದ್ರ ದುಬೆ ಎಂಬ ಎಂಜಿನಿಯರ್ ಪ್ರಧಾನಿ ಕಚೇರಿಗೆ ಪತ್ರ ಬರೆದರು. ಬಿಹಾರದ ಸಿವಾನ್ ಜಿಲ್ಲೆಯ ಹುಡುಗ. ಕಾನ್ಪುರ ಐಐಟಿಯಲ್ಲಿ ಓದಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಸೇರಿದ್ದವರು. ಜಾರ್ಖಂಡಿನ ಕೊಡರ್ಮಾದಲ್ಲಿ ಸುವರ್ಣ ಚತುರ್ಭುಜ ಹೆದ್ದಾರಿಯ ಕೆಲಸದಲ್ಲಿ ಕಂಡ ಅವ್ಯವಹಾರವನ್ನು ವಿವರಿಸಿ, ತಮ್ಮ ಹೆಸರನ್ನು ಗುಟ್ಟಾಗಿಡಿ ಎಂದು ಕೇಳಿಕೊಂಡಿದ್ದರು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಹೋಯಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಅಂದು ಅವರಿಗೆ ಮೂವತ್ತು ತುಂಬಿದ ದಿನ. ದರೋಡೆಗೆ ಬಂದವರ ಕೃತ್ಯ ಎಂದು ಸಿಬಿಐ ಹೇಳಿತು. 2010ರಲ್ಲಿ ಮೂವರಿಗೆ ಜೀವಾವಧಿ ಶಿಕ್ಷೆಯಾಯಿತು. ಕೊಲೆಯ ಕಾರಣ ಏನೇ ಇರಲಿ, ಆ ಹೆಸರು ಬಯಲಾದದ್ದು ಅಕ್ಷಮ್ಯ.

ದೇಶ ಕುದಿಯಿತು. ಕಾನೂನು ಬರುವವರೆಗೆ ಏನಾದರೂ ವ್ಯವಸ್ಥೆ ಮಾಡಿ ಎಂದು ಸುಪ್ರೀಂ ಕೋರ್ಟ್ ಒತ್ತಿದ ಮೇಲೆ, 2004ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಒಂದು ನಿರ್ಣಯ ಹೊರಡಿಸಿತು. ದೂರು ಕೇಂದ್ರ ಜಾಗೃತ ಆಯೋಗಕ್ಕೆ ಹೋಗಬೇಕು, ಮುಚ್ಚಿದ ಲಕೋಟೆಯಲ್ಲಿ. ದೂರುದಾರರ ಹೆಸರು ಒಳಗಿನ ಪತ್ರದಲ್ಲಿರಬೇಕು, ಲಕೋಟೆಯ ಮೇಲೆ ಇರಕೂಡದು. ಇಂಥ ಲಕೋಟೆಗೆ ಕಳಿಸುವವರ ವಿಳಾಸ ಕೇಳಬೇಡಿ ಎಂದು ಅಂಚೆ ಕಚೇರಿಗಳಿಗೂ ಸೂಚನೆ ಇದೆ. ದುಬೆಯವರಿಗೆ ಬೇಕಾಗಿದ್ದುದು ಇಷ್ಟೇ.

ಮರುವರ್ಷ ದುಃಖ ನಮ್ಮ ಕೋಲಾರದ ಚಿನ್ನದ ಗಣಿಯ ಒಂದು ಮನೆಗೆ ಬಂತು. ಮಂಜುನಾಥ್ ಷಣ್ಮುಗಂ ಮೈಸೂರಿನ ಜಯಚಾಮರಾಜೇಂದ್ರ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, ಲಖನೌ ಐಐಎಂ ಮುಗಿಸಿ, ಇಂಡಿಯನ್ ಆಯಿಲ್‌ನಲ್ಲಿ ಮಾರಾಟ ಅಧಿಕಾರಿಯಾಗಿದ್ದರು. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಮಾಡುತ್ತಿದ್ದ ಪೆಟ್ರೋಲ್ ಬಂಕ್‌ಗಳ ಮೇಲೆ ಕ್ರಮ ಕೈಗೊಂಡಿದ್ದರು. 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ವಯಸ್ಸು 27. ಅವರು ಗುಟ್ಟಿನ ಪತ್ರ ಬರೆದವರಲ್ಲ. ಸಂಬಳ ಪಡೆಯುವ ಕೆಲಸವನ್ನು ಸರಿಯಾಗಿ ಮಾಡಿದವರು. ಲಕೋಟೆಯ ರಕ್ಷಣೆ ಅಂಥವರನ್ನು ಮುಟ್ಟುವುದೇ ಇಲ್ಲ. 2007ರಲ್ಲಿ ಬಂಕ್ ಮಾಲೀಕನ ಮಗನಿಗೆ ಮರಣದಂಡನೆಯಾಯಿತು, ಮುಂದೆ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು, 2015ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

2004ರ ನಿರ್ಣಯಕ್ಕೆ ಇನ್ನೊಂದು ಮಿತಿಯಿದೆ. ರಾಜ್ಯ ಸರ್ಕಾರದ ನೌಕರರು ಅದರ ವ್ಯಾಪ್ತಿಗೆ ಬರುವುದಿಲ್ಲ. ನಮ್ಮ ತಾಲ್ಲೂಕು ಕಚೇರಿಯ ಗುಮಾಸ್ತರು, ಪಂಚಾಯಿತಿ ಕಾರ್ಯದರ್ಶಿಗಳು ಹೊರಗೇ ಉಳಿದರು.

ಈ ಕೊರತೆ ತುಂಬಲೆಂದೇ ಮಾಹಿತಿದಾರರ ರಕ್ಷಣಾ ಕಾಯ್ದೆ ರೂಪುಗೊಂಡಿತು. ಮಸೂದೆ 2010ರಲ್ಲಿ ಮಂಡನೆಯಾಯಿತು, 2011ರ ಡಿಸೆಂಬರ್‌ನಲ್ಲಿ ಲೋಕಸಭೆ ದಾಟಿತು, ರಾಜ್ಯಸಭೆ ದಾಟಲು 2014ರ ಫೆಬ್ರುವರಿವರೆಗೆ ಕಾಯಿತು. ರಾಜ್ಯ ನೌಕರರೂ ಇದರಲ್ಲಿ ಸೇರಿದ್ದಾರೆ. ದೂರುದಾರರ ಗುರುತು ಬಯಲು ಮಾಡಿದವರಿಗೆ ಮೂರು ವರ್ಷದವರೆಗೆ ಸೆರೆವಾಸ. ಕಿರುಕುಳದ ದೂರು ಬಂದರೆ, ಅದು ಕಿರುಕುಳವಲ್ಲವೆಂದು ಸಾಬೀತು ಮಾಡಬೇಕಾದ್ದು ಅಧಿಕಾರಿಯೇ. ಎತ್ತಂಗಡಿಗೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಕಾಣುವುದಿಲ್ಲ.

ಆದರೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ದಿನದಿಂದ ಮಾತ್ರ ಈ ಕಾಯ್ದೆ ಜಾರಿ ಎಂದು ಅದರ ಮೊದಲನೆಯ ಕಲಮಿನಲ್ಲೇ ಬರೆದಿದೆ. ನಡುವೆ 2015ರಲ್ಲಿ ತಂದ ತಿದ್ದುಪಡಿ ಮಸೂದೆ ಲೋಕಸಭೆ ದಾಟಿ ಅಲ್ಲಿಗೇ ನಿಂತು ಬಿದ್ದುಹೋಯಿತು. ಮೂಲ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2014ರ ಮೇ 9ರಂದು. ಜಾರಿಯ ದಿನ ಇನ್ನೂ ಪ್ರಕಟವಾಗಿಲ್ಲ. ನಿಮ್ಮ ಲೋಕಸಭಾ ಸದಸ್ಯರು ಊರಿಗೆ ಬಂದಾಗ ದಯವಿಟ್ಟು ಕೇಳಿ: ಆ ದಿನ ಯಾವಾಗ?