ಓದುವ ವೀಸಾ, ದುಡಿಯುವ ಅನುಮತಿ



ಮಕ್ಕಳ ಮುಂದಿನ ಓದಿಗೆ ಉಪಯೋಗವಾಗುವ ಮಾತನ್ನೇ ಆಡಬೇಕು ಎಂಬುದು ಈ ದತ್ತಿ ಉಪನ್ಯಾಸ ಇಟ್ಟವರ ಷರತ್ತು. ಅಮೆರಿಕದ ರಾಜ್ಯ ವಿಶ್ವವಿದ್ಯಾಲಯವೊಂದರ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಹಲವು ವರ್ಷ ಕೆಲಸ ಮಾಡಿ ಈಗ ಮೈಸೂರಿಗೆ ಮರಳಿರುವವನು ನಾನು. ಅಲ್ಲಿಗೆ ಓದಲು ಹೋದವರು ಯಾವಾಗ, ಎಲ್ಲಿ, ಎಷ್ಟು ಹೊತ್ತು ದುಡಿಯಬಹುದು ಎಂಬುದು ಇಲ್ಲಿರುವ ಮನೆಯವರಿಗೂ ಗೊತ್ತಿರಬೇಕು, ಅದೂ ಬ್ಯಾಂಕಿನ ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲೇ ಗೊತ್ತಿರಬೇಕು ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಅದನ್ನೇ ಇವತ್ತು ಹೇಳಲು ಬಂದಿದ್ದೇನೆ.

2023-24ರ ಶೈಕ್ಷಣಿಕ ವರ್ಷದಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3,31,602. 2009ರ ಬಳಿಕ ಮೊದಲ ಬಾರಿಗೆ ಭಾರತ ಅಲ್ಲಿನ ವಿದೇಶಿ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಎಲ್ಲ ದೇಶಗಳಿಗಿಂತ ಮೇಲೆ ಬಂತು. ಅವರಲ್ಲಿ 97 ಸಾವಿರಕ್ಕೂ ಹೆಚ್ಚು ಮಂದಿ ಆಗಲೇ ಓದು ಮುಗಿಸಿ, ವಿದ್ಯಾರ್ಥಿ ವೀಸಾದ ನೆರಳಿನಲ್ಲೇ ಕೆಲಸ ಮಾಡುತ್ತಿದ್ದವರು. ಅಂದರೆ ನಮ್ಮ ಮಕ್ಕಳ ಪಾಲಿಗೆ ಓದು ಮತ್ತು ದುಡಿಮೆ ಒಂದಕ್ಕೊಂದು ಹೆಣೆದುಕೊಂಡಿವೆ. ಕಾನೂನು ಮಾತ್ರ ಅವೆರಡನ್ನೂ ಬೇರೆ ಬೇರೆ ಇಟ್ಟಿದೆ. ಎಫ್-1 ವೀಸಾ ಓದುವುದಕ್ಕೆ ಕೊಟ್ಟದ್ದು. ಚೆನ್ನೈಗೋ ಹೈದರಾಬಾದಿಗೋ ಹೋಗಿ ಇಂಟರ್‌ವ್ಯೂ ಮುಗಿಸಿ ವೀಸಾ ಪಡೆದ ಮಾತ್ರಕ್ಕೆ ಕೆಲಸದ ಅನುಮತಿ ಸಿಗುವುದಿಲ್ಲ. ಅದನ್ನು ಒಂದೊಂದು ಹಂತದಲ್ಲಿ ಬೇರೆಯಾಗಿ ಪಡೆಯಬೇಕು.

ಮೊದಲ ಹಂತ ಕ್ಯಾಂಪಸ್ ಒಳಗಿನ ಕೆಲಸ. ಗ್ರಂಥಾಲಯದ ಕೌಂಟರ್, ಊಟದ ಹಾಲ್, ಕಂಪ್ಯೂಟರ್ ಲ್ಯಾಬು, ಪ್ರೊಫೆಸರರ ಬಳಿಯ ಸಹಾಯಕ ಹುದ್ದೆ, ಇವೆಲ್ಲ ಸೇರಿ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ. ರಜೆಯಲ್ಲಿ ಪೂರ್ಣಾವಧಿ ಮಾಡಬಹುದು. ಇದಕ್ಕೆ ವಲಸೆ ಇಲಾಖೆಯ ಪ್ರತ್ಯೇಕ ಕಾರ್ಡು ಬೇಕಿಲ್ಲ. ಗಂಟೆಗೆ 15 ಡಾಲರ್ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ವಾರಕ್ಕೆ 300 ಡಾಲರ್, 15 ವಾರದ ಸೆಮಿಸ್ಟರಿಗೆ 4,500 ಡಾಲರ್. ಬಾಡಿಗೆಗೂ ದಿನಸಿಗೂ ಇದು ಸರಿಹೋಗಬಹುದು. ಟ್ಯೂಷನ್ ಫೀಸಿಗೆ ಸಾಲದು. ಅದೂ ಕ್ಯಾಂಪಸ್ಸಿನಲ್ಲಿ ಕೆಲಸ ಸಿಕ್ಕರೆ! ಒಂದು ಊಟದ ಹಾಲಿನ ಕೆಲಸಕ್ಕೆ ಅರ್ಜಿ ಹಾಕಿದವರ ರಾಶಿಯನ್ನು ನಾನು ಕಂಡಿದ್ದೇನೆ. "ಅಲ್ಲಿ ಹೋದ ಮೇಲೆ ಪಾರ್ಟ್‌ಟೈಮ್ ಮಾಡಿ ಫೀಸು ತಾನೇ ಕಟ್ಟಿಕೊಳ್ಳುತ್ತಾನೆ" ಎಂದು ಕನ್ಸಲ್ಟೆನ್ಸಿಯವರು ಹೇಳಿದರೆ ಆ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಲು ಕೇಳಿ. ಗಂಡ ಅಥವಾ ಹೆಂಡತಿ ಎಫ್-2 ವೀಸಾದಲ್ಲಿ ಜೊತೆಗೆ ಹೋದರೆ ಅವರು ಸಂಬಳದ ಕೆಲಸ ಮಾಡುವಂತೆಯೇ ಇಲ್ಲ.

ಅನಿರೀಕ್ಷಿತವಾಗಿ ಹಣದ ಸಂಕಷ್ಟಕ್ಕೆ ಸಿಕ್ಕವರು, ಒಂದು ಶೈಕ್ಷಣಿಕ ವರ್ಷ ಕಳೆದ ಮೇಲೆ, ಕ್ಯಾಂಪಸ್ಸಿನ ಹೊರಗೆ ಕೆಲಸ ಮಾಡಲು ವಲಸೆ ಇಲಾಖೆಯನ್ನು ಕೇಳಿಕೊಳ್ಳುವ ದಾರಿ ಒಂದಿದೆ. ಕಷ್ಟಕ್ಕೆ ಕಾಗದಪತ್ರದ ಸಾಕ್ಷಿ ಕೊಡಬೇಕು. ಅದನ್ನು ನೆಚ್ಚಿಕೊಂಡು ಊರಿನಿಂದ ಹೊರಡಬಾರದು.

ನಮ್ಮ ಮಕ್ಕಳು ಎಡವುವುದು ಹೆಚ್ಚಾಗಿ ಅನುಮತಿಯಿಲ್ಲದೆ ಕ್ಯಾಂಪಸ್ಸಿನ ಹೊರಗೆ ಮಾಡುವ ಕೆಲಸದಲ್ಲೇ. ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಪಾಳಿ, ರೆಸ್ಟೋರೆಂಟಿನ ಅಡುಗೆಮನೆ, ಸ್ನೇಹಿತನ ಖಾತೆಯಲ್ಲಿ ಊಟದ ಡೆಲಿವರಿ. ಕೈಗೆ ನಗದು ಕೊಡುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ ಎಂಬ ಧೈರ್ಯ. ಗೊತ್ತಾದ ದಿನ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತೇನೆ. ಎಫ್-1 ಸ್ಥಾನಮಾನ ತಪ್ಪಿದವರಿಗೆ ಅದನ್ನು ಮರಳಿ ಕೊಡಿಸುವ ಒಂದು ಅರ್ಜಿ ಇದೆ. ಕೋರ್ಸು ಕಡಿಮೆ ತೆಗೆದುಕೊಂಡದ್ದು, ತಡವಾಗಿ ಕಾಗದ ಸಲ್ಲಿಸಿದ್ದು ಇಂಥವನ್ನು ಆ ಅರ್ಜಿಯಲ್ಲಿ ವಿವರಿಸಿ ಸರಿಪಡಿಸಿಕೊಳ್ಳಬಹುದು. ಅನುಮತಿಯಿಲ್ಲದೆ ದುಡಿದವರಿಗೆ ಆ ಬಾಗಿಲು ಮುಚ್ಚಿದೆ. ಬಂಕಿನಲ್ಲಿ ಗಳಿಸಿದ ಕೆಲವು ನೂರು ಡಾಲರಿಗೆ ತೆರುವ ಬೆಲೆ ಇದು. ಆ ಮಕ್ಕಳನ್ನು ಬೈಯಲು ನನಗೆ ಮನಸ್ಸಿಲ್ಲ. ಅವರಲ್ಲಿ ಬಹುತೇಕರು ಮೋಜಿಗಾಗಿ ಹೋದವರಲ್ಲ. ದುಡ್ಡು ಕೇಳಿ ಊರಿನಿಂದ ಬಂದ ಫೋನ್ ಕರೆಯ ನಂತರ ಹೋದವರು.

ಎರಡನೆಯದು ಸಿಪಿಟಿ. ಪಠ್ಯಕ್ರಮದ ಭಾಗವಾಗಿ, ಓದಿನ ನಡುವೆ ಕಂಪನಿಯಲ್ಲಿ ಮಾಡುವ ತರಬೇತಿ; ಬೇಸಿಗೆಯ ಇಂಟರ್ನ್‌ಶಿಪ್ ಎಂದು ನೀವು ಕೇಳುವುದು ಸಾಮಾನ್ಯವಾಗಿ ಇದನ್ನೇ. ಒಂದು ಶೈಕ್ಷಣಿಕ ವರ್ಷ ಮುಗಿದಿರಬೇಕು. ಯಾವ ಕಂಪನಿ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂದು ವಿಶ್ವವಿದ್ಯಾಲಯದ ಅಧಿಕಾರಿ, ಅಂದರೆ ಡಿಎಸ್ಓ, ವಿದ್ಯಾರ್ಥಿಗೆ ವಿಶ್ವವಿದ್ಯಾಲಯ ಕೊಡುವ ಐ-20 ಎಂಬ ಪತ್ರದಲ್ಲಿ ನಮೂದಿಸಬೇಕು. ಆ ದಿನಾಂಕಕ್ಕೆ ಒಂದು ದಿನ ಮೊದಲು ಲ್ಯಾಪ್‌ಟಾಪ್ ತೆರೆದು ಕೂತರೂ ಅದು ಅನುಮತಿಯಿಲ್ಲದ ಕೆಲಸವೇ. 12 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಪೂರ್ಣಾವಧಿ ಸಿಪಿಟಿ ಮಾಡಿದವರು ಅದೇ ಹಂತದ ಪದವಿಯ ಒಪಿಟಿಯನ್ನು, ಅಂದರೆ ಓದಿನ ನಂತರ ಸಿಗುವ ಕೆಲಸದ ಅನುಮತಿಯನ್ನು, ಕಳೆದುಕೊಳ್ಳುತ್ತಾರೆ. ಅರ್ಧಾವಧಿಗೆ ಈ ನಷ್ಟವಿಲ್ಲ.

ಸೇರಿದ ಮೊದಲ ದಿನವೇ ಸಿಪಿಟಿ ಕೊಡುತ್ತೇವೆ ಎಂದು ಕರೆಯುವ ಸಂಸ್ಥೆಗಳಿವೆ. ಕೆಲವು ಸ್ನಾತಕೋತ್ತರ ಕೋರ್ಸುಗಳಿಗೆ ನಿಯಮವೇ ಆ ವಿನಾಯಿತಿ ಕೊಟ್ಟಿದೆ ಎಂಬುದು ನಿಜ. ಆದರೆ ಓದನ್ನು ಹೆಸರಿಗೆ ಇಟ್ಟುಕೊಂಡು ಕೆಲಸವನ್ನೇ ಮಾರುವ ಕಡೆಗೆ ಹೋಗಬೇಡಿ. 2011ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ವಿಶ್ವವಿದ್ಯಾಲಯದ ಮೇಲೆ ದಾಳಿಯಾದಾಗ ಸಿಕ್ಕಿಬಿದ್ದವರಲ್ಲಿ ಬಹುಪಾಲು ಭಾರತೀಯರು. ಕೆಲವರ ಕಾಲಿಗೆ ನಿಗಾ ಇಡುವ ರೇಡಿಯೊ ಪಟ್ಟಿ ಕಟ್ಟಿದ್ದು ಆಗ ಇಲ್ಲಿ ದೊಡ್ಡ ಸುದ್ದಿಯಾಗಿತ್ತು. 2019ರಲ್ಲಿ ಅದಕ್ಕಿಂತ ಘೋರವಾದದ್ದು ನಡೆಯಿತು. ಮಿಶಿಗನ್‌ನ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯ ಎಂಬುದನ್ನು ಅಮೆರಿಕದ ವಲಸೆ ಜಾರಿ ಇಲಾಖೆಯೇ ಬಲೆಯಾಗಿ ಹೂಡಿತ್ತು. ಅಲ್ಲಿ ತರಗತಿ ಇರಲಿಲ್ಲ, ಪಾಠ ಮಾಡುವವರು ಇರಲಿಲ್ಲ. ಮೊದಲ ಸುತ್ತಿನಲ್ಲಿ ಬಂಧಿತರಾದ 130 ವಿದ್ಯಾರ್ಥಿಗಳಲ್ಲಿ 129 ಮಂದಿ ಭಾರತೀಯರು. ಸರ್ಕಾರವೇ ಹುಡುಗರನ್ನು ಬಲೆಗೆ ಕೆಡವಬಹುದೇ ಎಂದು ನನಗೆ ಆಗಲೂ ಸಿಟ್ಟು ಬಂದಿತ್ತು, ಈಗಲೂ ಬರುತ್ತದೆ. ಆದರೂ ತರಗತಿಯೇ ಇಲ್ಲದ ವಿಶ್ವವಿದ್ಯಾಲಯಕ್ಕೆ ಫೀಸು ಕಟ್ಟಬಾರದು ಎಂಬ ಮಾತನ್ನು ಆ ಸಿಟ್ಟು ಅಳಿಸಲಾರದು.

ಈಗ ಒಪಿಟಿ. ಓದಿದ ವಿಷಯಕ್ಕೆ ಸಂಬಂಧಿಸಿದ ಕೆಲಸವನ್ನು 12 ತಿಂಗಳು ಮಾಡುವ ಅನುಮತಿ. ಪ್ರತಿ ಮೇಲಿನ ಹಂತದ ಪದವಿಗೆ ಒಮ್ಮೆ. ಇದರ ದಿನಾಂಕಗಳನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಅನಾಹುತಗಳೆಲ್ಲ ಆಗುವುದು ಇದರಲ್ಲಿ. ಒಬ್ಬ ಹುಡುಗಿಯ ಎಂ.ಎಸ್. ಮೇ 15ಕ್ಕೆ ಮುಗಿಯುತ್ತದೆ ಎನ್ನಿ. ಅದಕ್ಕೆ 90 ದಿನ ಮೊದಲು, ಅಂದರೆ ಫೆಬ್ರವರಿ 14ರಿಂದ ಅವಳು ಅರ್ಜಿ ಹಾಕಬಹುದು. ಮುಗಿದು 60 ದಿನ, ಅಂದರೆ ಜುಲೈ 14ರ ನಂತರ ಹಾಕುವಂತಿಲ್ಲ. ಮೊದಲು ಡಿಎಸ್ಓ ಸೆವಿಸ್ ಎಂಬ ಸರ್ಕಾರಿ ದಾಖಲೆಯಲ್ಲಿ ಶಿಫಾರಸು ಹಾಕಿ ಹೊಸ ಐ-20 ಕೊಡುತ್ತಾರೆ. ಆ ಶಿಫಾರಸು ಹಾಕಿದ 30 ದಿನಗಳೊಳಗೆ ಐ-765 ಅರ್ಜಿ ವಲಸೆ ಇಲಾಖೆಗೆ ತಲುಪಬೇಕು. ಮೇಲಿನ ಎರಡು ದಿನಾಂಕ ಎಲ್ಲರಿಗೂ ನೆನಪಿರುತ್ತವೆ, ಈ ಮೂರನೆಯದು ಮರೆತುಹೋಗುತ್ತದೆ.

ಹಾಸನ ಜಿಲ್ಲೆಯ ಒಬ್ಬ ಹುಡುಗ, ಬಹಳ ಚುರುಕು, ಮಾರ್ಚ್ ಮೊದಲ ವಾರದಲ್ಲೇ ಶಿಫಾರಸು ಪಡೆದ. ಪ್ರಾಜೆಕ್ಟಿನ ಗಡಿಬಿಡಿಯಲ್ಲಿ ಅರ್ಜಿ ಕಳಿಸಿದ್ದು ಏಪ್ರಿಲ್ ಎರಡನೇ ವಾರ. ಇಲಾಖೆಯಿಂದ ತಿರಸ್ಕಾರದ ಪತ್ರ ಬರುವಷ್ಟರಲ್ಲಿ ಜುಲೈ ಕೊನೆ; 60 ದಿನದ ಕಿಟಕಿ ಮುಚ್ಚಿಹೋಗಿತ್ತು. "ಸರ್, ಐ-20 ಕೈಲಿದೆಯಲ್ಲ, ಅದೇ ಪರ್ಮಿಷನ್ ಅಂದ್ಕೊಂಡಿದ್ದೆ" ಎಂದ. ಕೆಲಸ ಕೊಡಲು ಒಪ್ಪಿದ್ದ ಕಂಪನಿ ಕಾಯಲಿಲ್ಲ. ಆ ಪದವಿಯ ಒಪಿಟಿಯನ್ನು ಅವನಿಗೆ ಕೊಡಿಸಲು ಯಾರ ಕೈಯಲ್ಲೂ ಆಗಲಿಲ್ಲ. ಐ-20ರ ಶಿಫಾರಸು ಅನುಮತಿಯಲ್ಲ. ಇಲಾಖೆ ಕಳಿಸುವ ಇಎಡಿ ಕಾರ್ಡು ಅನುಮತಿ, ಅದೂ ಅದರ ಮೇಲೆ ಅಚ್ಚಾದ ದಿನಾಂಕದಿಂದ ಮಾತ್ರ.

ಆ ಆರಂಭದ ದಿನಾಂಕವನ್ನು ಅರ್ಜಿಯಲ್ಲಿ ಆರಿಸಿಕೊಳ್ಳುವವರು ವಿದ್ಯಾರ್ಥಿಯೇ. ಮೇ 16ರಿಂದ ಜುಲೈ 14ರೊಳಗೆ ಯಾವುದಾದರೂ ಆಗಬಹುದು. ಕೆಲಸ ಕೈಯಲ್ಲಿದ್ದರೆ ಬೇಗನೆಯದು ಒಳ್ಳೆಯದು. ಇಲ್ಲದಿದ್ದರೆ ತಡವಾದದ್ದೇ ಲೇಸು, ಏಕೆಂದರೆ ಕಾರ್ಡಿನ ದಿನಾಂಕದಿಂದ ನಿರುದ್ಯೋಗದ ದಿನಗಳ ಎಣಿಕೆ ಶುರುವಾಗುತ್ತದೆ. ಇಡೀ ವರ್ಷಕ್ಕೆ ಒಟ್ಟು 90 ದಿನ ಮಾತ್ರ ಕೆಲಸವಿಲ್ಲದೆ ಇರಬಹುದು. ವಾರಕ್ಕೆ ಕನಿಷ್ಠ 20 ಗಂಟೆ ಮಾಡಿದರೆ ಅದು ಕೆಲಸವೆಂದು ಲೆಕ್ಕ. ಈ ಎಣಿಕೆಗೆ ಹೆದರಿ ಕೆಲವರು ಬರೀ ಕಾಗದದ ಮೇಲೆ ಕೆಲಸ ತೋರಿಸುವ ಕಂಪನಿಗಳಿಗೆ ದುಡ್ಡು ಕೊಡುತ್ತಾರೆ. ಆ ಕಂಪನಿ ಎಂದೋ ತನಿಖೆಗೆ ಸಿಕ್ಕಾಗ ಅದರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಸಂಶಯಕ್ಕೆ ಗುರಿಯಾಗುತ್ತಾರೆ, ವೀಸಾಕ್ಕೆ ಮತ್ತೆ ಹೋದಾಗ ಉತ್ತರ ಹೇಳಬೇಕಾಗುತ್ತದೆ.

ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದಿದವರಿಗೆ ಸ್ಟೆಮ್ ವಿಸ್ತರಣೆ ಎಂದು ಇನ್ನೂ 24 ತಿಂಗಳು ಸಿಗುತ್ತದೆ. ಕಂಪನಿ, ನೌಕರರ ಕೆಲಸದ ಅರ್ಹತೆ ಪರಿಶೀಲಿಸುವ ಇ-ವೆರಿಫೈ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಂಡಿರಬೇಕು, ತರಬೇತಿ ಯೋಜನೆಯ ಐ-983 ನಮೂನೆಗೆ ಸಹಿ ಹಾಕಬೇಕು, ಕೆಲಸ ಸಂಬಳದ್ದೇ ಆಗಿರಬೇಕು. ಪೋಷಕರು ಗಮನಿಸಬೇಕಾದದ್ದು ಇಷ್ಟು: ಕೋರ್ಸಿನ ಹೆಸರು ನೋಡಿ ಸ್ಟೆಮ್ ಎಂದು ತೀರ್ಮಾನಿಸಬೇಡಿ. ಐ-20ಯಲ್ಲಿ ಸಿಐಪಿ ಕೋಡ್ ಎಂಬ ಸಂಖ್ಯೆ ಇರುತ್ತದೆ. ಅದು ಸರ್ಕಾರದ ಸ್ಟೆಮ್ ಪಟ್ಟಿಯಲ್ಲಿ ಇರಬೇಕು. ಒಂದು ಕಡೆಯ ಎಂ.ಬಿ.ಎ. ಆ ಪಟ್ಟಿಯಲ್ಲಿ ಬರಬಹುದು, ಇನ್ನೊಂದು ಕಡೆಯದು ಬರದಿರಬಹುದು. "ನಾನು ವಿಟಿಯುನಲ್ಲಿ ಬಿ.ಇ. ಮಾಡಿದ್ದೇನಲ್ಲ, ಅದನ್ನು ತೋರಿಸಿದರಾಗದೇ?" ಎಂದು ಕೇಳುತ್ತಾರೆ. ಆಗುವುದಿಲ್ಲ. ಹಿಂದಿನ ಪದವಿಯ ಮೇಲೆ ಕೇಳುವುದಾದರೆ ಅದೂ ಅಮೆರಿಕದ ಮಾನ್ಯತೆ ಪಡೆದ ಸಂಸ್ಥೆಯದೇ ಆಗಿರಬೇಕು. ಸೀಟು ಒಪ್ಪಿಕೊಳ್ಳುವ ಮೊದಲೇ ಆ ಕೋಡ್ ಕೇಳಿ ಬರೆದಿಟ್ಟುಕೊಳ್ಳಿ.

ಹಣದ ವಿಷಯದಲ್ಲಿ ಒಂದು ಮಾತು. ಎಫ್-1ನಲ್ಲಿರುವವರು ಸಾಮಾನ್ಯವಾಗಿ ಮೊದಲ 5 ಕ್ಯಾಲೆಂಡರ್ ವರ್ಷ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ತೆರಿಗೆ, ಅಂದರೆ ಸಂಬಳದ ಶೇ 7.65, ಕಟ್ಟಬೇಕಿಲ್ಲ. ಕಂಪನಿ ತಿಳಿಯದೆ ಹಿಡಿದುಕೊಂಡಿದ್ದರೆ ಕೇಳಿ ವಾಪಸು ಪಡೆಯಬಹುದು. ಭಾರತ ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿ ನಮ್ಮ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ನಿನ ಸೌಲಭ್ಯ ಕೊಟ್ಟಿದೆ; ಬಹಳ ದೇಶಗಳ ವಿದ್ಯಾರ್ಥಿಗಳಿಗೆ ಇದಿಲ್ಲ.

ಈ ಅನುಮತಿಗಳು ಎಷ್ಟು ಭದ್ರ? ಓದಿನ ನಂತರದ ತರಬೇತಿ 1947ರಿಂದಲೂ ಒಂದಲ್ಲ ಒಂದು ರೂಪದಲ್ಲಿ ಇದೆ. ಒಪಿಟಿ ಎಂಬ ಹೆಸರು ಬಂದದ್ದು 1992ರಲ್ಲಿ. 2008ರಲ್ಲಿ ಸ್ಟೆಮ್‌ನವರಿಗೆ 17 ತಿಂಗಳು ಸೇರಿತು, ಸರಿಯಾದ ಕ್ರಮ ಅನುಸರಿಸಲಿಲ್ಲವೆಂದು 2015ರಲ್ಲಿ ನ್ಯಾಯಾಲಯ ಅದನ್ನು ರದ್ದುಮಾಡಿತು, 2016ರ ಮೇ 10ರಿಂದ 24 ತಿಂಗಳಾಗಿ ಮರಳಿ ಬಂತು. ತಂತ್ರಜ್ಞಾನ ನೌಕರರ ಸಂಘವೊಂದು ಹೂಡಿದ ಮೊಕದ್ದಮೆಯಲ್ಲಿ 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪಿಟಿಯನ್ನು ಎತ್ತಿಹಿಡಿಯಿತು. 2023ರಲ್ಲಿ ಸುಪ್ರೀಂ ಕೋರ್ಟ್ ಆ ಪ್ರಕರಣವನ್ನು ಕೈಗೆತ್ತಿಕೊಳ್ಳಲಿಲ್ಲ. ಆದರೂ ಒಪಿಟಿ ನಿಂತಿರುವುದು ಸರ್ಕಾರದ ನಿಯಮದ ಮೇಲೆ. ಅಲ್ಲಿನ ಸಂಸತ್ತು ಅದಕ್ಕೆಂದೇ ಮಾಡಿದ ಕಾಯ್ದೆ ಇಲ್ಲ. ನಿಯಮ ಮಾಡಿದವರು ನಿಯಮ ಬದಲಿಸಬಹುದು. 2025ರ ಏಪ್ರಿಲ್‌ನಲ್ಲಿ ಸಾವಿರಾರು ವಿದ್ಯಾರ್ಥಿಗಳ ಸೆವಿಸ್ ದಾಖಲೆಗಳನ್ನು ಏಕಾಏಕಿ ಕೊನೆಗೊಳಿಸಿ, ನ್ಯಾಯಾಲಯಗಳಲ್ಲಿ ಪ್ರಶ್ನೆ ಎದ್ದ ಮೇಲೆ ಮರಳಿ ತೆರೆದರು.

ಒಪಿಟಿಯ ಮುಂದಿನ ಮೆಟ್ಟಿಲು ಎಚ್-1ಬಿ ಎಂಬ ಕೆಲಸದ ವೀಸಾ. ವರ್ಷಕ್ಕೆ 65,000, ಅಮೆರಿಕದಲ್ಲಿ ಸ್ನಾತಕೋತ್ತರ ಓದಿದವರಿಗೆ ಮೇಲೆ 20,000. ಬೇಡಿಕೆ ಅದಕ್ಕಿಂತ ಬಹಳ ಹೆಚ್ಚು, ಎಷ್ಟೇ ಜಾಣರಿದ್ದರೂ ಆಯ್ಕೆಯಾಗುವ ಖಾತ್ರಿ ಇಲ್ಲ. 2025ರ ಸೆಪ್ಟೆಂಬರ್‌ನ ಅಧ್ಯಕ್ಷೀಯ ಘೋಷಣೆ ಹೊಸ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಹೊರೆ ಹೇರಿತು. ಅಲ್ಲೇ ಇದ್ದು ಎಫ್-1ರಿಂದ ಬದಲಾಯಿಸಿಕೊಳ್ಳುವವರಿಗೆ ಅದು ಅನ್ವಯಿಸದು ಎಂದು ಅಕ್ಟೋಬರ್‌ನಲ್ಲಿ ವಲಸೆ ಇಲಾಖೆ ಸ್ಪಷ್ಟಪಡಿಸಿತು.

ಈಗ ನಮ್ಮ ಬ್ಯಾಂಕಿನ ಕಾಗದಕ್ಕೆ ಬನ್ನಿ. 7.5 ಲಕ್ಷಕ್ಕಿಂತ ಹೆಚ್ಚಿನ ಶಿಕ್ಷಣ ಸಾಲಕ್ಕೆ ನಮ್ಮ ಬ್ಯಾಂಕುಗಳು ಸಾಮಾನ್ಯವಾಗಿ ಸೈಟನ್ನೋ ಮನೆಯನ್ನೋ ಅಡಮಾನ ಕೇಳುತ್ತವೆ. ಕಂತು ಶುರುವಾಗುವುದು ಕೋರ್ಸು ಮುಗಿದು ಒಂದು ವರ್ಷಕ್ಕೆ. ಸ್ಟೆಮ್ ಅಲ್ಲದವರ ಒಪಿಟಿ ಮುಗಿಯುವುದೂ ಹೆಚ್ಚುಕಡಿಮೆ ಆಗಲೇ. ಡಾಲರಿನ ಸಂಬಳ ನಿಲ್ಲಬಹುದಾದ ತಿಂಗಳಲ್ಲೇ ರೂಪಾಯಿಯ ಕಂತು ಬಾಗಿಲಿಗೆ ಬರುತ್ತದೆ. ಆದ್ದರಿಂದ ಒಪಿಟಿಯ ಸಂಬಳ ಸಿಗುವುದಿಲ್ಲ ಎಂದೇ ಲೆಕ್ಕ ಹಾಕಿ, ಮಗ ಅಥವಾ ಮಗಳು ಊರಿಗೆ ಮರಳಿ ಇಲ್ಲಿನ ಸಂಬಳದಲ್ಲಿ ಕಂತು ಕಟ್ಟಲು ಸಾಧ್ಯವೇ ನೋಡಿ. ಸಾಧ್ಯವೆನಿಸಿದರೆ ಧೈರ್ಯವಾಗಿ ಕಳಿಸಿ. ಇಲ್ಲವೆನಿಸಿದರೆ ಕಡಿಮೆ ಫೀಸಿನ ವಿಶ್ವವಿದ್ಯಾಲಯ ಹುಡುಕಿ, ಸಹಾಯಕ ಹುದ್ದೆ ಸಿಗುವವರೆಗೆ ಒಂದು ವರ್ಷ ತಡೆಯಿರಿ.

ತಂದೆ ತಾಯಂದಿರಲ್ಲಿ ಕೈಮುಗಿದು ಕೇಳುತ್ತೇನೆ. ಮಕ್ಕಳು ಓದುತ್ತಿರುವ ಎರಡು ವರ್ಷ ಫೋನಿನಲ್ಲಿ ದುಡ್ಡು ಕಳಿಸು ಎನ್ನಬೇಡಿ, ಪಕ್ಕದ ಮನೆಯವನು ಕಳಿಸಿದ ಎಂದೂ ಹೇಳಬೇಡಿ. ಊಟ ಆಯಿತೇ ಎಂದು ಕೇಳಿದ ಮೇಲೆ, ಐ-20ಯ ದಿನಾಂಕ ಯಾವಾಗ ಮುಗಿಯುತ್ತದೆ, ಡಿಎಸ್ಓ ಅವರನ್ನು ಕಂಡೆಯಾ ಎಂದು ಒಮ್ಮೆ ಕೇಳಿ.